ದೇವದಾಸ ಮಾವನ ಲ್ಯಾಪ್‌ಟಾಪಿಗೆ ಮದುವೆ ಹಾಲಿನಲ್ಲಿ ಆದ ಗಡಿಬಿಡಿ

ನನ್ನ ಸೋದರಮಾವ ದೇವದಾಸರನ್ನು ಯಾರಾದರೂ ಬ್ರೋಕರ್ ಎಂದರೆ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರು ಸಂಬಂಧ ಕೂಡಿಸುವವರು. ನರಿಮೊಗರಿನಿಂದ ಮಂಡೆಕೋಲಿನವರೆಗೆ ಯಾವ ಬಸ್ಸು ಹತ್ತಿದರೂ ಅವರು ಕೂಡಿಸಿದ ಒಂದು ಜೋಡಿಯಾದರೂ ಸಿಕ್ಕೇ ಸಿಗುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಅವರು ಒಪ್ಪುವುದಿಲ್ಲ. ಸುಳ್ಳು ಬೇಡ, ಎರಡೂ ಮನೆಯಲ್ಲಿ ಒಂದೊಂದು ಚಾ ಕುಡಿದರೆ ಸಾಕು ಎನ್ನುತ್ತಾರೆ. ಆ ಚಾಗಳ ದೆಸೆಯಿಂದ ಅವರಿಗೆ ಶುಗರ್ ಬಂದಿದೆ.

ಮಾವನ ದೊಡ್ಡ ಗುಣವೆಂದರೆ ಯಾರ ಕ್ರಮಕ್ಕೂ ಎದುರಾಡುವುದಿಲ್ಲ. ಒಂದು ಮನೆಯಲ್ಲಿ ನಿಶ್ಚಯಕ್ಕೆ ವೀಳ್ಯದೆಲೆ ಹೀಗಿಡಬೇಕು ಎಂದರೆ ಸರಿ, ಪಕ್ಕದ ಮನೆಯಲ್ಲಿ ಹಾಗಿಡಬೇಕು ಎಂದರೆ ಅದೂ ಸರಿ. ಅವರವರ ಕ್ರಮ ಅವರವರಿಗೆ ಎಂದು ಕೈಮುಗಿದು ಊಟಕ್ಕೆ ಕೂತುಬಿಡುತ್ತಾರೆ. ಈ ಗುಣವೇ ಒಂದು ದಿನ ಅವರ ಬದುಕನ್ನೆಲ್ಲ ಒರೆಸಿ ಹಾಕುವುದರಲ್ಲಿತ್ತು.

ಅವರ ಬದುಕೆಲ್ಲ ಇದ್ದದ್ದು ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. ಹುಡುಗಿಯರ, ಹುಡುಗರ ಫೋಟೋ, ಜಾತಕ, ಆದ ಮದುವೆಗಳ ಚಿತ್ರ, ಎಲ್ಲ ಅದರೊಳಗೆ. ಫೋಟೋ ಹೊರಗೆ ಹೋಗುವುದಿಲ್ಲವೆಂದು ಯಾವುದೋ ಹುಡುಗಿಯ ತಂದೆಗೆ ಮಾತು ಕೊಟ್ಟಿದ್ದರಂತೆ. ಅಂದಿನಿಂದ ಆ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ಟಿನ ಗಾಳಿ ಸೋಕಿಲ್ಲ. ನೆಟ್ ವೈರು ಚುಚ್ಚುವ ತೂತಿಗೆ ಪೈಪಿಗೆ ಹಾಕುವ ಎಂ-ಸೀಲ್ ತುಂಬಿದ್ದಾರೆ, ಕ್ಯಾಮರಾಕ್ಕೆ ಗಾಯದ ಪಟ್ಟಿ ಅಂಟಿಸಿದ್ದಾರೆ. ವೈಫೈ ಇರುವ ಮನೆಗೆ ಹೋದರೆ ಅದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಪೆನ್‌ಡ್ರೈವಿನ ತೂತುಗಳು ನಾನು ರಂಪ ಮಾಡಿದ್ದಕ್ಕೆ ಉಳಿದವು.

ನಾನು ಸುಪ್ರಿತಾ. ಪುತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನನ್ನ ಬಯೋಡಾಟಾವೂ ಆ ಲ್ಯಾಪ್‌ಟಾಪಿನಲ್ಲಿದೆ. ಡಿಗ್ರಿ ಮುಗಿದ ಕೂಡಲೇ ಅಮ್ಮ ಕೊಟ್ಟದ್ದು. ಫೋಟೋದಲ್ಲಿ ಸೀರೆ ಉಟ್ಟು ಕ್ರೋಟನ್ ಗಿಡದ ಪಕ್ಕ ಹಲ್ಲುನೋವು ಬಂದವಳ ಹಾಗೆ ನಿಂತಿದ್ದೇನೆ. ಕೆಳಗೆ "ಅಡುಗೆ: ಬರುತ್ತದೆ" ಎಂದಿದೆ. ಸುಳ್ಳು ಹೇಳದ ಮಾವನ ಹತ್ತಿರ ಇರುವ ಒಂದೇ ಒಂದು ಸುಳ್ಳು ಅದು. ಅಳಿಸಿ ಎಂದು ನಾನು ಹೇಳದ ಹಬ್ಬವಿಲ್ಲ, ಮಾವ ಕೇಳಿಸಿಕೊಂಡ ಹಬ್ಬವೂ ಇಲ್ಲ.

ಈ ವರ್ಷ ಲ್ಯಾಪ್‌ಟಾಪಿನ ಒಳಗಿನ ಡಿಸ್ಕು ಕಟಕಟ ಹಲ್ಲು ಕಡಿಯತೊಡಗಿತು. ಇನ್ನು ಹೆಚ್ಚು ದಿನ ಇಲ್ಲ ಮಾವ, ಪೂರ್ತಿ ನಕಲು ತೆಗೆಯಬೇಕು ಎಂದೆ. ಮಾವನ ಮುಖ ಬಾಡಿತು. ಇತ್ತೀಚೆಗೆ ಅವರಿಗೆ ಹೆಸರುಗಳು ಮರೆಯುತ್ತಿದ್ದವು. ದಾರಿಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಮನೆಗೆ ಬಂದು ಫೋಟೋ ಹುಡುಕಿ, ಓ ಇವನಾ ಎಂದು ಖುಷಿಪಡುತ್ತಿದ್ದರು. "ಇದು ಹೋದ್ರೆ ನಂಗೆ ಊರಲ್ಲಿ ಯಾರ ಗುರ್ತವೂ ಇರುದಿಲ್ಲ ಮಗಾ" ಎಂದರು.

ಕೆಲಸವೇನೋ ಸುಲಭದ್ದೇ. ಪೆನ್‌ಡ್ರೈವಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಲ್ಯಾಪ್‌ಟಾಪನ್ನು ಅದರಿಂದಲೇ ಶುರು ಮಾಡಿ, ಒಳಗಿನ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಹೊಸ ಡಿಸ್ಕಿಗೆ ಅಚ್ಚು ಇಳಿಸುವುದು. ಆದರೆ ಗಂಟೆಗಟ್ಟಲೆ ಕರೆಂಟು ಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ನಮ್ಮ ಕಡೆ ಕರೆಂಟಂತೂ ಮೋಡ ಕಂಡರೆ ಸಾಕು ಹೋಗುತ್ತದೆ. ಅಂಗಡಿಗೆ ತನ್ನಿ ಎಂದರೆ, ಹತ್ತು ಜನ ಬರುವಲ್ಲಿ ಹೆಣ್ಣುಮಕ್ಕಳ ಫೋಟೋ ಬಿಚ್ಚುವುದಿಲ್ಲ ಎಂದು ಮಾವನ ಹಟ. ಕೊನೆಗೆ ಅವರೇ ದಾರಿ ಹುಡುಕಿದರು. ಅವರು ಕೂಡಿಸಿದ ಮದುವೆಯೊಂದು ಗುತ್ತಿಗಾರಿನ ಹಾಲಿನಲ್ಲಿತ್ತು, ಹಾಲಿಗೆ ಜನರೇಟರ್ ಇತ್ತು.

ಹೀಗೆ ನಾವು ಮದುವೆಗೆ ಹೋದೆವು. ಓಮ್ನಿ ಓಡಿಸಿದ್ದು ಅಸ್ಕರ್. ಮಾವ ಸಂಬಂಧ ನೋಡಲು ಹೊರಟಾಗಲೆಲ್ಲ ಅವನದೇ ಗಾಡಿ. ಹೊಸ ಡಿಸ್ಕನ್ನೂ ಅವನೇ ಪೇಟೆಯಿಂದ ಕೊಂಡು ತಂದಿದ್ದ. ಹಾಲಿನ ಹಿಂದಿನ ಉಗ್ರಾಣದಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ, ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಪರದೆಯ ಮೇಲೆ ಎರಡು ಡಿಸ್ಕಿಗೂ ಉದ್ದುದ್ದ ನಂಬರು. ಇದರಲ್ಲಿ ನಮ್ಮದು ಯಾವುದೆಂದು ಮಾವ ಗಾಬರಿಬಿದ್ದರು. ಅವರ ಸಮಾಧಾನಕ್ಕೆ ಎರಡಕ್ಕೂ ಹೆಸರಿಟ್ಟೆ. ಲ್ಯಾಪ್‌ಟಾಪಿನ ಡಿಸ್ಕು ಹುಡುಗಿ, ಹೊಸತು ಹುಡುಗ. ಮಾವ ಖುಷಿಯಲ್ಲಿ ಲ್ಯಾಪ್‌ಟಾಪಿಗೆ ಒಂದು ತುಂಡು ಮಲ್ಲಿಗೆಯನ್ನೂ ಮುಡಿಸಿದರು. ಹುಡುಗಿಯಿಂದ ಹುಡುಗನಿಗೆ ಎಂದು ತೋರಿಸಿ ಕೆಲಸ ಶುರು ಮಾಡಿದೆ.

ಅಷ್ಟರಲ್ಲಿ ಮದುಮಗನ ದೊಡ್ಡಮ್ಮ ಬಂದು, ನಿನ್ನದು ಯಾವಾಗ ಎಂದು ಕೇಳಿ, ಉತ್ತರಕ್ಕೂ ಕಾಯದೆ ಊಟಕ್ಕೆ ಎಳೆದುಕೊಂಡು ಹೋದರು. ಎಲೆಗೆ ಹೋಳಿಗೆ ಬೀಳುವಾಗ ಕರೆಂಟು ಹೋಯಿತು. ಜನರೇಟರ್ ಕೆಮ್ಮಿ ಕೆಮ್ಮಿ ಏಳುವಷ್ಟರಲ್ಲಿ ಲ್ಯಾಪ್‌ಟಾಪ್ ಆರಿಹೋಗಿರುತ್ತದೆ ಎಂದು ಹೊಳೆದು ಎದ್ದೆ. ದೊಡ್ಡಮ್ಮ ಸೆರಗು ಹಿಡಿದು ಕೂರಿಸಿದರು. ಪಂಕ್ತಿಯಲ್ಲಿ ಎಲ್ಲರೂ ಏಳುವ ಮೊದಲು ಏಳುವ ಕ್ರಮ ಯಾವ ಊರಿನಲ್ಲುಂಟು ಎಂದು ಕೇಳಿದರು. ಆ ಪಂಕ್ತಿಗೆ ಪಾಯಸ ಎರಡು ಸಲ ಬಂತು. ಬಡಿಸುವವರ ಮೇಲೆ ನನಗೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಕೈ ತೊಳೆದು ಓಡಿದರೆ, ಮಾವ ಮತ್ತು ಅಸ್ಕರ್ ನಾನು ಮಾಡಿದ್ದನ್ನು ನೋಡಿ ಕಲಿತು, ಹೆಸರಿಡುವುದರಿಂದ ಹಿಡಿದು ತಾವೇ ಎಲ್ಲ ಪುನಃ ಶುರು ಮಾಡಹೊರಟಿದ್ದರು. ಪರದೆಯಲ್ಲಿ ಹುಡುಗನಿಂದ ಹುಡುಗಿಗೆ ಎಂದಿತ್ತು. ಹೆಚ್ಚುಕಮ್ಮಿ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಸುರಿಯುವುದಕ್ಕೆ ಒಂದು ಗುಂಡಿ ಒತ್ತುವುದು ಮಾತ್ರ ಬಾಕಿ. ಹುಡುಗಿಯಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ಆಗಬಹುದೇ ಎಂದು ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಮಾವನ ಬೆರಳು ಗುಂಡಿಯ ಮೇಲೇ ಇತ್ತು.

ಕೈ ತೆಗೆಯಿರಿ ಎಂದು ಕಿರುಚಿದೆ. ಇದನ್ನು ತಿರುಗಿಸಿದ್ದು ಯಾರೆಂದು ಕೇಳಿದೆ.

"ನಮ್ಮಲ್ಲಿ ಮದುವೆ ಆದ್ಮೇಲೆ ಪುದಿಯಾಪ್ಳೆಯೇ ಹುಡುಗಿ ಮನೆಗೆ ಹೋಗುದು ಅಕ್ಕ" ಎಂದ ಅಸ್ಕರ್, ತಪ್ಪೆಂತ ಎಂಬ ಮುಖದಲ್ಲಿ. ಪುದಿಯಾಪ್ಳೆ ಎಂದರೆ ಅವರ ಬ್ಯಾರಿ ಭಾಷೆಯಲ್ಲಿ ಮದುಮಗ.

"ನಮ್ಮಲ್ಲಿ ಹುಡುಗಿ ಹೋಗುದು ಅಂತ ನಾನೂ ಹೇಳಿದೆ" ಎಂದರು ಮಾವ. "ಆದ್ರೆ ಹೊಸ ಡಿಸ್ಕ್ ತಂದದ್ದು ಅಸ್ಕರ್. ಹಾಗಾಗಿ ಅವ ಹುಡುಗನ ಕಡೆ. ಅವರ ಕ್ರಮಕ್ಕೆ ನಾವು ಅಡ್ಡ ಬರುದು ಚಂದವಾ ಮಾರಾಯ್ತಿ?"

ತಲೆ ಚಚ್ಚಿಕೊಳ್ಳಲು ತೆಂಗಿನಕಾಯಿ ಪಕ್ಕದಲ್ಲೇ ಇತ್ತು. ಮಾವನ ಕೈ ಸರಿಸಿ ಮೌಸ್ ಹಿಡಿದೆ. ಹಿಡಿದವಳು ಆ ಕೆಂಪು ಅಕ್ಷರವನ್ನು ಇನ್ನೊಮ್ಮೆ ಓದಿದೆ. ಒತ್ತಿದರೆ ಕ್ರೋಟನ್ ಗಿಡ, ಹಲ್ಲುನೋವಿನ ಮುಖ, ಅಡುಗೆ, ಎಲ್ಲ ಒಂದೇ ಸಲಕ್ಕೆ ಮಾಯ. ತಪ್ಪು ನನ್ನದೂ ಅಲ್ಲ, ಸಂಪ್ರದಾಯದ್ದು. ನಿಜ ಹೇಳುತ್ತೇನೆ, ಆಸೆಯಾಯಿತು. ಮಾವ ಬೈರಾಸಿನ ತುದಿಯಿಂದ ಪರದೆಯ ಧೂಳು ಒರೆಸುತ್ತಿದ್ದರು. ನಾನು ದಿಕ್ಕು ತಿರುಗಿಸಿ, ಹುಡುಗಿಯಿಂದ ಹುಡುಗನಿಗೆ ಮಾಡಿ ಒತ್ತಿದೆ.

ಹಾಲ್ ಗುಡಿಸುವವರು ನಮ್ಮ ಕಾಲಬುಡಕ್ಕೆ ಬರುವಾಗ ನಕಲು ಮುಗಿಯಿತು. ಸರಿ ಬಂದಿದೆಯೇ ಎಂದು ಪರೀಕ್ಷೆಗೆ ಒಂದು ಫೈಲು ತೆಗೆಯಬೇಕಿತ್ತು. ಮಾವ ನನ್ನದನ್ನೇ ತೆಗೆಸಿದರು. ಕ್ರೋಟನ್ ಗಿಡ ಎಲೆ ಸಮೇತ ಬಂದಿತ್ತು. ಈಗ ಎರಡು ಕಡೆ ಆಯಿತಲ್ಲ, ಇನ್ನಾದರೂ ಅಳಿಸುತ್ತೇನೆ ಎಂದೆ. ಯಾವತ್ತೂ ಕೇಳಿಸಿಕೊಳ್ಳದ ಮಾವ ಅಂದು ತಲೆಯಾಡಿಸಿದರು.

"ಅಳಿಸು ಮಗಾ. ಆದ್ರೆ ನಾಳೆ ನಿನ್ನ ಹೆಸ್ರೇ ಮರ್ತು ಹೋದ್ರೆ ನಾನು ಎಲ್ಲಿ ನೋಡುದು?"

ಅಸ್ಕರ್ ತೆಂಗಿನಕಾಯಿ ಎಣಿಸುವವನ ಹಾಗೆ ಆಚೆ ತಿರುಗಿದ. ನಾನು ಮೂಗು ಒರೆಸಿಕೊಂಡು ಫೈಲು ತೆರೆದೆ. "ಅಡುಗೆ: ಬರುತ್ತದೆ" ಎಂದಿದ್ದಲ್ಲಿ "ಅಡುಗೆ: ಚಾ ಮಾತ್ರ" ಎಂದು ತಿದ್ದಿ, ಎರಡೂ ಕಡೆ ಉಳಿಸಿದೆ.