ನೀಲಿ ಕಾರಿಗೆ ಚೆನ್ನಪ್ಪ ಕೊಟ್ಟ ಒಂದನೇ ನಂಬರು

ಬೋಳಾರದ ನದಿಬದಿಯ ಹಂಚಿನ ಕಾರ್ಖಾನೆಯಲ್ಲಿ ಚೆನ್ನಪ್ಪನ ಕೆಲಸ ಹಂಚು ವಿಂಗಡಿಸುವುದು. ಭಟ್ಟಿಯಿಂದ ಇಳಿದ ಹಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈಯ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ಠಣ್ ಎಂದರೆ ಒಂದನೇ ನಂಬರು. ಸ್ವಲ್ಪ ಮಂಕಾದರೆ ಎರಡನೆಯದು. ಬೊದ್ದೆಂದರೆ ಮೂರನೆಯದು, ಅದು ಕೊಟ್ಟಿಗೆಗೋ ಬಚ್ಚಲಿಗೋ ಸರಿ. ಇಪ್ಪತ್ತೆರಡು ವರ್ಷ ಹೀಗೆ ತಟ್ಟಿ ತಟ್ಟಿ ಅವನ ಗೆಣ್ಣು ಗೋಲಿಯಂತೆ ಗಟ್ಟಿಯಾಗಿತ್ತು. "ನನ್ನ ಒಂದನೇ ನಂಬರು ಸೋರಿದ್ದನ್ನು ತೋರಿಸಿ, ಆ ಮನೆಯ ಮಾಡಿಗೆ ನಾನೇ ಏಣಿ ಇಟ್ಟು ಹತ್ತುತ್ತೇನೆ" ಎಂದು ಕಂಡವರಿಗೆಲ್ಲ ಸವಾಲು ಹಾಕುತ್ತಿದ್ದ. ಯಾರೂ ತೋರಿಸಿರಲಿಲ್ಲ. ಆ ಜಂಬಕ್ಕೆ ಅವನು ಅರ್ಹನೇ ಆಗಿದ್ದ ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ.

ಇಂಥ ಮನುಷ್ಯನಿಗೆ ಒಂದು ಹುಚ್ಚಿತ್ತು, ಆಟದ ಕಾರುಗಳದ್ದು. ತಗಡಿನವಲ್ಲ. ಅಚ್ಚಿಗೆ ಲೋಹ ಹೊಯ್ದು ಮಾಡಿದ, ಅಂಗೈಯಲ್ಲಿ ಹಿಡಿಸುವ, ರಬ್ಬರಿನ ಬಿಳಿ ಚಕ್ರದ ವಿಲಾಯಿತಿ ಕಾರುಗಳು. ಹಂಪನಕಟ್ಟೆಯಲ್ಲಿ ಸಾಬೂನು, ಬಿಸ್ಕತ್ತು, ಸೀಮೆಯ ಗೊಂಬೆ ಮಾರುವ ನಿತ್ಯಾನಂದ ಶೆಣೈಯ ಅಂಗಡಿಗೆ ವರ್ಷಕ್ಕೆ ಎರಡೋ ಮೂರೋ ಸಲ ಬೊಂಬಾಯಿಯಿಂದ ಹಡಗಿನಲ್ಲಿ ಪೆಟ್ಟಿಗೆ ಬರುತ್ತಿತ್ತು. ನಾಲ್ಕು ವರ್ಷದಲ್ಲಿ ಚೆನ್ನಪ್ಪನ ಹಲಸಿನ ಹಲಗೆಯ ಮೇಲೆ ಹದಿನೇಳು ಕಾರು ಕೂತವು. ಅವನು ಮಾತ್ರ ಜನ್ಮದಲ್ಲಿ ಒಂದು ನಿಜವಾದ ಕಾರಿನಲ್ಲಿ ಕೂತವನಲ್ಲ. ಆದರೂ ಡಾಕ್ಟರರ ಕಾರು ನಿಂತಲ್ಲಿ ಬಗ್ಗಿ ಅದರ ಹೊಟ್ಟೆ ನೋಡಿ ಬರುತ್ತಿದ್ದ, ಆಟದ ಕಾರಿನ ಹೊಟ್ಟೆಗೆ ಹೋಲಿಸಲಿಕ್ಕೆ. ಡ್ರೈವರನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿ ದೇಯಿ ಆ ಹಲಗೆಯ ಧೂಳು ಒರೆಸುತ್ತ, "ಹದಿನೇಳು ಗಾಡಿ ಉಂಟು, ಪೇಟೆಗೆ ಹೋಗುವುದು ಮಾತ್ರ ಕಾಲಿನಲ್ಲಿ" ಎನ್ನುತ್ತಿದ್ದಳು.

ಶೆಣೈ ಮೊದಮೊದಲು ಚೆನ್ನಪ್ಪನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದ. ಗಿರಾಕಿಗಳ ಎದುರಿನಲ್ಲೇ ಇವನು ಕಾರನ್ನು ಕಣ್ಣಿನ ಹತ್ತಿರ ಹಿಡಿದು, "ದೀಪ ಎರಡೂ ಒಂದೇ ಎತ್ತರದಲ್ಲಿಲ್ಲ, ಶೆಣೈರೇ" ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಆಮೇಲೆ ಶೆಣೈಗೆ ಒಂದು ವಿಷಯ ಹೊಳೆಯಿತು. ಇವನು ಕುಂದು ಹೇಳಿದ ಮೇಲೂ ಒಳ್ಳೆಯದೆಂದ ಕಾರನ್ನು ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಅಂದಿನಿಂದ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಮೊದಲು ಬಿಚ್ಚುವ ಹಕ್ಕು ಚೆನ್ನಪ್ಪನದಾಯಿತು. ಅಂಗಡಿಯ ಬಾಗಿಲಲ್ಲಿ ತೂಗುವ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವನು ತನ್ನ ಅಭಿಪ್ರಾಯ ಬರೆಯಬೇಕು, ಹಂಚಿನ ಹಾಗೆ ನಂಬರೂ ಕೊಡಬೇಕು.

ಚೆನ್ನಪ್ಪ ಬರೆಯುತ್ತಿದ್ದ. "ಹಸಿರು ಲಾರಿ. ಬಣ್ಣ ದಪ್ಪ, ಮೂಲೆಗಳಲ್ಲೂ ಬಿಟ್ಟಿಲ್ಲ. ಬೆನ್ನು ನೇರ. ಆದರೆ ಹಿಂದಿನ ಚಕ್ರದ ಅಚ್ಚು ಸಡಿಲ, ಎಡಕ್ಕೆ ಎಳೆಯುತ್ತದೆ. ಎರಡನೇ ನಂಬರು." ಮರುದಿನ ಕೆಲಸ ಬಿಟ್ಟು ಅಷ್ಟು ದೂರ ನಡೆದು ಬಂದು ನೋಡಿದರೆ ಹಲಗೆಯಲ್ಲಿ "ಬೆನ್ನು ನೇರ" ಎಂಬಲ್ಲಿಗೆ ಮಾತು ಮುಗಿದಿರುತ್ತಿತ್ತು. 'ಆದರೆ'ಯಿಂದ ಮುಂದಿನದೆಲ್ಲ ಒದ್ದೆ ಬಟ್ಟೆಯ ಪಾಲು.

"ಇದೆಂತ ಶೆಣೈರೇ, ನನ್ನ ಮಾತನ್ನು ಅರ್ಧ ಕೊಯ್ದು ಇಟ್ಟಿದ್ದೀರಿ?"

"ಒಳ್ಳೆಯದನ್ನು ನೀನೇ ಬರೆದದ್ದಲ್ವಾ ಚೆನ್ನಪ್ಪ? ನಾನು ಒಂದಕ್ಷರ ಸೇರಿಸಿಲ್ಲ."

ಚೆನ್ನಪ್ಪ ಸಿಟ್ಟಿನಿಂದ ಮತ್ತೆ ಬರೆಯುವುದು, ಶೆಣೈ ಮತ್ತೆ ಒರೆಸುವುದು. ಹೀಗೆ ವರ್ಷಗಟ್ಟಲೆ. ಹಾಗಾಗಿ ಜಾಣ ಗಿರಾಕಿಗಳು ಹಲಗೆಯನ್ನು ಓದಿ ಸುಮ್ಮನಾಗುತ್ತಿರಲಿಲ್ಲ, ಚೆನ್ನಪ್ಪನನ್ನೇ ಹುಡುಕಿ 'ಆದರೆ' ಏನೆಂದು ಕೇಳುತ್ತಿದ್ದರು. ಅವರಲ್ಲಿ ಒಬ್ಬಳು ಬಿಜೈಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದ ಕಾರ್ಮಿನ್ ಬಾಯಿ. ಒಂದು ಗುಂಡಿ ಕೊಳ್ಳಲಿಕ್ಕೂ ಹತ್ತು ಸಲ ಯೋಚಿಸುವ ಹೆಂಗಸು.

ಸಾವಿರದ ಒಂಬೈನೂರ ಮೂವತ್ತೆಂಟರ ಜನವರಿಯಲ್ಲಿ ಬಂದ ಪೆಟ್ಟಿಗೆಯಲ್ಲಿ ಒಂದೇ ಬಗೆಯ ಹನ್ನೆರಡು ನೀಲಿ ಕಾರುಗಳಿದ್ದವು. ಚೆನ್ನಪ್ಪ ಒಂದನ್ನು ಕೈಗೆತ್ತಿಕೊಂಡ. ದೀಪಗಳು ಸಮ. ಬಾಗಿಲಿನ ಗೆರೆ ಕೂದಲಿನಷ್ಟು ಸಣ್ಣ, ಎಲ್ಲೂ ತಪ್ಪಿಲ್ಲ. ಗಾಜಿನ ಮೇಜಿನ ಮೇಲೆ ಬಿಟ್ಟರೆ ನೇರ ಹೋಗಿ ಬಿಸ್ಕತ್ತಿನ ಡಬ್ಬಕ್ಕೆ ತಾಗಿ ನಿಂತಿತು. ಒಂದು ಗಂಟೆ ಹುಡುಕಿದ, ಕುಂದು ಸಿಗಲಿಲ್ಲ. ಅವನಿಗೆ ಮೈ ಪರಚಿಕೊಳ್ಳುವಂತಾಯಿತು. ಕೊನೆಗೆ ಅಭ್ಯಾಸಬಲದಿಂದ ಗೆಣ್ಣು ಮಡಚಿ ಕಾರಿನ ನೆತ್ತಿಗೆ ತಟ್ಟಿದ. ಠಣ್ ಎಂದಿತು. ಹನ್ನೆರಡನ್ನೂ ತಟ್ಟಿದ, ಹನ್ನೆರಡೂ ಠಣ್ ಎಂದವು.

"ನೀಲಿ ಕಾರು. ಒಂದನೇ ನಂಬರು. ಒಳ್ಳೆಯ ಹಂಚಿನ ಹಾಗೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇದು ಚೆನ್ನಪ್ಪನ ಮಾತು" ಎಂದು ಬರೆದ. ಕಾರಿಗೆ ಅವನು ಕೊಟ್ಟ ಮೊದಲನೆಯ ಒಂದನೇ ನಂಬರು ಅದು. ಒರೆಸುವಂಥದ್ದು ಏನೂ ಇಲ್ಲದೆ ಶೆಣೈ ಬಟ್ಟೆಯನ್ನು ಮೂಲೆಗೆಸೆದ.

ಕಾರ್ಮಿನ್ ಬಾಯಿ ಹಲಗೆಯನ್ನು ಎರಡು ಸಲ ಓದಿದಳು. "ಚೆನ್ನಪ್ಪ, ಇದರ 'ಆದರೆ' ಎಲ್ಲಿ?"

"ಇದಕ್ಕೆ 'ಆದರೆ' ಇಲ್ಲ ಬಾಯಮ್ಮ. ನನ್ನ ಕಿವಿ ಹೇಳಿದ್ದು."

"ನನ್ನ ಜ್ಞಾನಪುತ್ರನಿಗೆ ಬೇಕಿತ್ತು, ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ನಾನೇ ಎತ್ತಿಕೊಂಡ ಮಗುವಿಗೆ. ಅವನೀಗ ಒಂದು ವರ್ಷದ ಮಗು, ಕೊಟ್ಟರೆ ಬಾಯಿಗೆ ಹಾಕ್ತಾನೆ. ಮೂರು ತುಂಬಲಿ. ಅಲ್ಲಿವರೆಗೆ ಇಟ್ಟರೆ ಹಾಳಾಗ್ತದಾ?"

"ಮೂರಲ್ಲ, ಮೂವತ್ತು ವರ್ಷ ಇಡಿ."

ಹನ್ನೊಂದು ಕಾರು ಒಂದೇ ವಾರದಲ್ಲಿ ಹೋದವು. ಹನ್ನೆರಡನೆಯದನ್ನು ಚೆನ್ನಪ್ಪ ತಾನೇ ಕೊಂಡು, ಪೆಟ್ಟಿಗೆಯಿಂದ ಹೊರಗೂ ತೆಗೆಯದೆ ಹಲಸಿನ ಹಲಗೆಯ ನಡುವಿನಲ್ಲಿಟ್ಟ.

ಎರಡು ಮಳೆಗಾಲ ಕಳೆದವು. ಮೂವತ್ತೊಂಬತ್ತರ ನವೆಂಬರಿನ ಒಂದು ಭಾನುವಾರ ಸಂಜೆ ಕಾರ್ಮಿನ್ ಬಾಯಿ ಬಿಜೈಯಿಂದ ಬೋಳಾರಕ್ಕೆ ಬಂದು, ಚೆನ್ನಪ್ಪನ ಜಗಲಿಯ ಮೇಲೆ ಕಾರಿನ ಪೆಟ್ಟಿಗೆಯನ್ನು ಬೋರಲು ಹಾಕಿದಳು. ಐದಾರು ನೀಲಿ ತುಂಡುಗಳು, ಒಂದಿಷ್ಟು ಬೂದು ಪುಡಿ ಬಿತ್ತು.

"ಮೂವತ್ತು ಜನ ನೆಂಟರ ಎದುರು ಬಿಚ್ಚಿದ್ದು ಚೆನ್ನಪ್ಪ. ಹುಟ್ಟುಹಬ್ಬಕ್ಕೆ ಒಡೆದದ್ದನ್ನು ಕೊಟ್ಟಳಂತ ಮಗುವಿನ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನ ಮುಖ ಎಲ್ಲಿಡುವುದು?"

"ಬಿದ್ದಿರಬೇಕು ಬಾಯಮ್ಮ."

"ಬೀಗ ಹಾಕಿದ ಕಪಾಟಿನಲ್ಲಿ ಬಟ್ಟೆಯ ನಡುವೆ ಇತ್ತು."

"ಹಾಗಾದರೆ ಉಪ್ಪು ಗಾಳಿ. ಇಲ್ಲದಿದ್ದರೆ ಕಪಾಟಿನಲ್ಲಿ ಕರ್ಪೂರ ಇಟ್ಟಿರಬೇಕು ನೀವು." ಹೀಗೆ ಹೇಳುತ್ತಲೇ ಚೆನ್ನಪ್ಪ ಒಳಗೆ ಹೋಗಿ ತನ್ನ ಪೆಟ್ಟಿಗೆ ತಂದ. "ಇಗೋ, ನನ್ನದು ನೋಡಿ. ಅದೇ ಕಾರು, ಅದೇ ಮಳೆ."

ತೆರೆದು ನೋಡಿದರೆ ಒಣಗಿದ ಗದ್ದೆಯ ಮಣ್ಣಿನಂತೆ ಕಾರಿನ ಮೈತುಂಬ ಬಿರುಕು. ನೆತ್ತಿ ಉಬ್ಬಿತ್ತು, ಚಕ್ರಗಳು ಸಿಕ್ಕಿಕೊಂಡಿದ್ದವು. ಎತ್ತುವಾಗ ಮೂತಿ ಕಳಚಿ ಅವನ ಬೆರಳಲ್ಲೇ ಉಳಿಯಿತು. "ಯಾರು ಮುಟ್ಟಿದ್ದು ಇದನ್ನು?" ಎಂದು ದೇಯಿಯ ಮೇಲೆ ಕೂಗಿದ. ಹಲಗೆಗೆ ಧೂಳಿನ ಬಟ್ಟೆ ಹೊರತು ಬೇರೇನೂ ತಾಗಿಸದ ಆ ಹೆಂಗಸು ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು. ನಾಚಿಕೆಯಾಗಬೇಕಾದದ್ದು ಅವನಿಗೆ, ಆಯಿತು ಕೂಡ.

ಕಾರ್ಮಿನ್ ಬಾಯಿ ಹೋಗುವಾಗ ಅಂದದ್ದು ಇಷ್ಟೇ. "ಶೆಣೈಯ ಮಾತು ಕೇಳಿ ತೆಗೆದುಕೊಂಡಿದ್ದರೆ ನನಗೆ ಬೇಸರ ಇರಲಿಲ್ಲ. ಅವನು ಅಂಗಡಿಯವ."

ಅವಳು ಹೋದ ಮೇಲೆ ಚೆನ್ನಪ್ಪ ಇದ್ದುದರಲ್ಲಿ ದೊಡ್ಡ ತುಂಡೊಂದನ್ನು ಎತ್ತಿ ತಟ್ಟಿದ. ಆ ಹಾಳು ತುಂಡು ಈಗಲೂ ಠಣ್ ಎಂದಿತು!

ಕಾರ್ಖಾನೆಯ ಎರಕದ ಕೆಲಸದ ಯಾದವ ಮರುದಿನ ಆ ಚೂರನ್ನು ಉಗುರಿನಿಂದ ಕೆರೆದು ನೋಡಿದ. "ಇದು ಸತುವಿನ ಬೆರಕೆ ಚೆನ್ನಪ್ಪಣ್ಣ. ಕಾಯಿಸುವಾಗ ಒಂದು ಚೂರು ಸೀಸ ಬಿದ್ದರೂ ಸಾಕು, ಒಳಗಿಂದಲೇ ತಿಂದುಕೊಂಡು ಬರ್ತದೆ. ಶಬ್ದದಲ್ಲಿ ಎಂತ ಗೊತ್ತಾಗ್ತದೆ? ಮಣ್ಣಿನ ಪರೀಕ್ಷೆಯನ್ನು ನೀವು ಲೋಹಕ್ಕೆ ಮಾಡಿದ್ದು."

ಅಲ್ಲಿಗೆ ತಪ್ಪು ಯಾರದೆಂದು ಖಚಿತವಾಯಿತು. ಅಂದು ಸಂಜೆ ಕೆಲಸ ಬಿಟ್ಟವನೇ ಚೆನ್ನಪ್ಪ ಹಂಪನಕಟ್ಟೆಗೆ ನಡೆದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ. "ನೀಲಿ ಕಾರಿಗೆ ನಾನು ಕೊಟ್ಟ ಒಂದನೇ ನಂಬರು ತಪ್ಪು. ಲೋಹದ ಗುಣ ನನಗೆ ತಿಳಿಯದು. ಹಂಚಿನದು ತಿಳಿಯುತ್ತದೆ. ಚೆನ್ನಪ್ಪ." ಅವನು ಸುಣ್ಣದ ಕೈ ಝಾಡಿಸುವಷ್ಟರಲ್ಲಿ ಶೆಣೈ ಒದ್ದೆ ಬಟ್ಟೆಯೊಂದಿಗೆ ಹಾಜರಾಗಿದ್ದ.

"ನಿನಗೆ ಮರ್ಲಾ ಚೆನ್ನಪ್ಪ, ತಲೆ ಸರಿ ಉಂಟಾ? ಇದನ್ನು ಓದಿದರೆ ಗಿರಾಕಿ ನನ್ನ ಸಾಬೂನನ್ನೂ ಮೂಸಿ ನೋಡ್ತಾರೆ."

"ನಾಲ್ಕು ಜನ ಓದುವವರೆಗಾದರೂ ಇರಲಿ, ನಿಮ್ಮ ದಮ್ಮಯ್ಯ."

ಒಬ್ಬನೂ ಓದಲಿಲ್ಲ. ಮರುವಾರ ಹೋದಾಗ ಆ ಹಲಗೆಯೇ ಒಳಗೆ ಸೇರಿತ್ತು. ಯುದ್ಧ ಶುರುವಾಗಿ ವಿಲಾಯಿತಿ ಪೆಟ್ಟಿಗೆ ಬರುವುದು ನಿಂತದ್ದರಿಂದ, ಇನ್ನು ಬರೆಯಲಿಕ್ಕೂ ಏನಿಲ್ಲ ಎಂದ ಶೆಣೈ.

ಸುದ್ದಿಗೆ ಮಾತ್ರ ಹಲಗೆ ಬೇಕಾಗಲಿಲ್ಲ. ಉಳಿದವರ ಕಾರುಗಳೂ ಒಂದೊಂದಾಗಿ ಬಿರಿದವು. ಪೇಟೆಯಲ್ಲಿ ಯಾರೋ, "ಕಾರೇ ನಿಲ್ಲಲಿಲ್ಲ, ಅವನ ಹಂಚು ನಿಲ್ತದಾ?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಕಾರ್ಖಾನೆಯ ಮೇಸ್ತ್ರಿಯು, ಚೆನ್ನಪ್ಪ ಆರಿಸಿದ ಹಂಚುಗಳನ್ನು ಇನ್ನೊಮ್ಮೆ ತಟ್ಟಿಸಲಿಕ್ಕೆ ಶುರುಮಾಡಿದ. ತಟ್ಟುವವನು ಯಾರು? ನೋಣಯ್ಯ. ಎಲೆಯಡಿಕೆ ಜಗಿಯುತ್ತ ಕಣ್ಣು ಮುಚ್ಚಿಕೊಂಡು ತಟ್ಟುವವ, ಭಟ್ಟಿಯಲ್ಲಿ ಸೀದದ್ದನ್ನೂ ಒಂದನೇ ನಂಬರಿಗೆ ತಳ್ಳುವವ. ಚೆನ್ನಪ್ಪನಿಗೆ ಊಟ ಸೇರದಾಯಿತು.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ" ಎಂದಳು ದೇಯಿ. "ಬಿಟ್ಟುಬಿಡಿ. ಸುಮ್ಮನೆ ಕೆಲಸ ಮಾಡಿಕೊಂಡಿರಿ."

"ಬರ್ತದೆ. ನನ್ನ ಹಂಚು ಒಂದು ಮಳೆ ತಡೆಯಲಿ, ಆ ಕಾರ್ಮಿನ್ ಬಾಯಿಯೇ ಬಂದು ಹೇಳುವ ಹಾಗೆ ಮಾಡ್ತೇನೆ."

ಅವಕಾಶ ತಾನಾಗಿಯೇ ಬಂತು. ಮುಂದಿನ ಏಪ್ರಿಲಿನಲ್ಲಿ ಕಾರ್ಮಿನ್ ಬಾಯಿ ಹೊಲಿಗೆಯ ಮನೆಯ ಮಾಡು ಬದಲಿಸಲೆಂದು ಎರಡು ಸಾವಿರ ಹಂಚಿಗಾಗಿ ಕಾರ್ಖಾನೆಗೇ ಬಂದಳು. ಮೇಸ್ತ್ರಿ ಒಂದನೇ ನಂಬರಿನ ಅಟ್ಟಿ ತೋರಿಸಿದ. ಅವಳು ದೂರದಲ್ಲಿ ಕೂತಿದ್ದ ಚೆನ್ನಪ್ಪನನ್ನು ನೋಡಿದಳು, ಅಟ್ಟಿಯನ್ನು ನೋಡಿದಳು.

"ಇದು ಯಾರು ಆರಿಸಿದ್ದು?"

ನೋಣಯ್ಯ ಜ್ವರವೆಂದು ಹತ್ತು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಅಂಗಳದಲ್ಲಿದ್ದ ಪ್ರತಿಯೊಂದು ಹಂಚೂ ಚೆನ್ನಪ್ಪ ತಟ್ಟಿದ್ದೇ. ಮೇಸ್ತ್ರಿಗೆ ಅದು ಗೊತ್ತಿತ್ತು. ಎರಡು ಸಾವಿರ ಹಂಚಿನ ಗಿರಾಕಿ ಎಂಬುದೂ ಗೊತ್ತಿತ್ತು.

"ನೋಣಯ್ಯ ಆರಿಸಿದ್ದು ಬಾಯಮ್ಮ" ಎಂದ ಮೇಸ್ತ್ರಿ, ಚೆನ್ನಪ್ಪನ ಕಡೆ ಒಮ್ಮೆ ಕಣ್ಣು ಬಿಟ್ಟ.

ಚೆನ್ನಪ್ಪ ಅರ್ಧ ಎದ್ದವನು ಮತ್ತೆ ಕೂತ. ಸುಮ್ಮನಿರುವುದು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಆದರೆ ಬಾಯಿ ಬಿಟ್ಟರೆ ಅವಳು ಬೇರೆ ಕಾರ್ಖಾನೆಗೆ ಹೋಗುತ್ತಾಳೆ. ಬಿಡದಿದ್ದರೆ ಅವನ ಎರಡು ಸಾವಿರ ಹಂಚು ಅವಳ ತಲೆಯ ಮೇಲೆಯೇ ಇರುತ್ತವೆ, ಮಳೆಗಾಲವಿಡೀ ಸಾಕ್ಷಿ ಹೇಳುತ್ತ. ಮಳೆ ಮುಗಿದ ಮೇಲೆ ಹೇಳಿದರಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಒಂದು 'ಆದರೆ'ಯನ್ನು ನುಂಗಿದ. ಅವಳು ಹೋದ ಮೇಲೆ, ಗಾಡಿಗೆ ಏರಿಸುವ ಮೊದಲು, ಎರಡು ಸಾವಿರವನ್ನೂ ಇನ್ನೊಮ್ಮೆ ತಟ್ಟಿ ನೋಡಿದ. ಸಂಶಯ ಬಂದ ಒಂಬತ್ತನ್ನು ತೆಗೆದು ಬೇರೆ ಹಾಕಿದ.

ಆ ವರ್ಷ ಮಳೆ ಬಿಡದೆ ಹೊಡೆಯಿತು. ಊರಿನ ಬಾವಿಗಳೆಲ್ಲ ಕೈಗೆ ಸಿಕ್ಕುವಷ್ಟು ತುಂಬಿದವು. ಗಾಳಿ ಎದ್ದ ಮರುದಿನ ಚೆನ್ನಪ್ಪ ಯಾವುದೋ ನೆಪ ತೆಗೆದು ಬಿಜೈಯ ಕಡೆ ಹೋಗಿ, ರಸ್ತೆಯಲ್ಲಿ ನಿಂತು ಆ ಮಾಡನ್ನು ನೋಡಿ ಬರುತ್ತಿದ್ದ. ಇತ್ತ ಮನೆಯ ಹಲಗೆಯ ಮೇಲೆ ಉಳಿದ ಕಾರುಗಳಲ್ಲೂ ಆರು ಬಿರಿದಿದ್ದವು. ಅವನು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಟೋಬರಿನಲ್ಲಿ ಬಿಸಿಲು ಕಾಯತೊಡಗಿದ ಮೇಲೆ, ಒಗೆದ ಅಂಗಿ ಹಾಕಿಕೊಂಡು ಅವಳ ಮೆಟ್ಟಿಲು ಹತ್ತಿದ. ಒಳಗೆ ಎಂಟು ಹತ್ತು ಹುಡುಗಿಯರು ಹೊಲಿಯುತ್ತ ಕೂತಿದ್ದರು.

"ಮಾಡು ಸೋರಿತಾ ಬಾಯಮ್ಮ?"

"ಒಂದು ಹನಿ ಇಲ್ಲ" ಎಂದಳು ಕಾರ್ಮಿನ್ ಬಾಯಿ, ಖುಷಿಯಿಂದಲೇ. "ನೆಲದಲ್ಲಿ ಬಟ್ಟೆ ಹರಡಿ ಕೂತುಕೊಳ್ಳುವಷ್ಟು ಒಣಗಿತ್ತು. ಕೆಲಸ ಅಂದರೆ ಅದು. ನೆರೆಕರೆಯವರಿಗೆಲ್ಲ ನೋಣಯ್ಯನ ಹೆಸರು ಹೇಳಿದ್ದೇನೆ. ಕ್ರಿಸ್ಮಸ್ಸಿಗೆ ಅವನಿಗೊಂದು ಅಂಗಿ ಹೊಲಿದು ಕೊಡ್ತೇನೆ."

ಚೆನ್ನಪ್ಪ ಆರು ತಿಂಗಳಿಂದ ಬಾಯಲ್ಲಿಟ್ಟುಕೊಂಡದ್ದನ್ನು ಹೊರಗೆ ಹಾಕಿದ. "ಆ ಹಂಚು ಆರಿಸಿದ್ದು ನಾನು ಬಾಯಮ್ಮ. ನೋಣಯ್ಯ ಆಗ ಜ್ವರದಲ್ಲಿ ಮಲಗಿದ್ದ. ಎರಡು ಸಾವಿರವನ್ನೂ ಎರಡೆರಡು ಸಲ ತಟ್ಟಿದ್ದೇನೆ. ಬೇಕಾದರೆ ಮೇಸ್ತ್ರಿಯನ್ನು ಕೇಳಿ."

ಹೊಲಿಗೆಯ ಯಂತ್ರಗಳು ನಿಂತವು. ಕಾರ್ಮಿನ್ ಬಾಯಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನು ಜಗಳವಾದರೂ ಮಾಡುತ್ತಿದ್ದ. ಅವಳು ಕನ್ನಡಕ ತೆಗೆದು, ರೋಗಿಯನ್ನು ನೋಡುವ ಹಾಗೆ ಅವನನ್ನು ನೋಡಿದಳು.

"ಮೇಸ್ತ್ರಿಯೇ ತಾನೇ ಚೆನ್ನಪ್ಪ, ನಿನ್ನ ಎದುರಿನಲ್ಲೇ ನೋಣಯ್ಯ ಅಂದದ್ದು? ಆಗ ನೀನು ಅಲ್ಲೇ ಕೂತಿದ್ದೆ. ಒಂದು ಮಾತು ಆಡಲಿಲ್ಲ." ಅವಳ ದನಿ ಮೆತ್ತಗಾಯಿತು. "ಕಾರಿನ ವಿಷಯ ನಾನು ಯಾವಾಗಲೋ ಬಿಟ್ಟಿದ್ದೇನೆ. ತಪ್ಪು ಯಾರಿಗೂ ಆಗ್ತದೆ. ಆದರೆ ಪಾಪದ ನೋಣಯ್ಯನ ಕೆಲಸಕ್ಕೆ ನಿನ್ನ ಹೆಸರು ಹಾಕಿಕೊಳ್ಳಬೇಡ. ಅದು ಒಳ್ಳೆಯದಲ್ಲ."

ಚೆನ್ನಪ್ಪ ಬಾಯಿ ತೆರೆದ. ಹುಡುಗಿಯರು ತಲೆ ತಗ್ಗಿಸಿಕೊಂಡೇ ಓರೆಗಣ್ಣಿನಲ್ಲಿ ಅವನನ್ನು ನೋಡುತ್ತಿದ್ದರು. "ಆಯಿತು ಬಾಯಮ್ಮ" ಎಂದು ಹೇಳಿ ಮೆಟ್ಟಿಲು ಇಳಿದ. ಅವನ ಬೆನ್ನ ಹಿಂದೆ, ಅವನು ಆರಿಸಿದ ಹಂಚಿನ ಕೆಳಗೆ, ಯಂತ್ರಗಳು ಮತ್ತೆ ಶುರುವಾದವು.