ಹುಳಕ್ಕೊಂದು ಚೂರು ಬೆಲ್ಲ

ಸಾಗರದ ಈ ಹಲ್ಲಿನ ಡಾಕ್ಟರ ಬಾಗಿಲು ತೆಗೆದರೆ ಸಾಕು, ಲವಂಗದ ವಾಸನೆ ಮೂಗಿಗೆ ಬಡಿಯುತ್ತದೆ. ನನಗೆ ಅದು ಹೆದರಿಕೆಯ ವಾಸನೆ. ನಗಬೇಡಿ. ಮಗಳ ಕೆನ್ನೆ ಊದಿಕೊಂಡಾಗಿನಿಂದ ಅವಳಿಗೂ ನನಗೂ ಸರಿಯಾದ ನಿದ್ದೆಯಿಲ್ಲ. ಇವತ್ತು ಕುರ್ಚಿಯಲ್ಲಿ ಕೂತವಳು ಬಾಯಿಯನ್ನೇ ತೆಗೆಯಲೊಲ್ಲಳು. ಮುದ್ದು ಮಾಡಿಯಾಯಿತು, ಗದರಿಸಿಯಾಯಿತು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ.

ಲವಂಗ ಅಂದರೆ ಹೊಸನಗರದ ನನ್ನ ದೊಡ್ಡಮ್ಮ. ನಾನು ಅವರ ಮನೆಯಲ್ಲಿದ್ದುಕೊಂಡೇ ಶಾಲೆಗೆ ಹೋದವಳು. ಹಲ್ಲುನೋವೆಂದು ಅತ್ತರೆ ಲವಂಗ ಜಜ್ಜಿ ಹತ್ತಿಯಲ್ಲಿಟ್ಟು, "ಹಾಲುಹಲ್ಲಲ್ವೇನೇ, ಬಿದ್ದೋಗ್ತದೆ ಬಿಡು" ಎನ್ನುವರು. ಹುಳುಕು ಹಲ್ಲು ಎಂದರೆ ಒಳಗೆ ಹುಳ ಇರುವ ಹಲ್ಲು ಎಂದೇ ಅವರ ನಂಬಿಕೆ. "ಸರಿಯಾಗಿ ಉಜ್ಜದಿದ್ರೆ ಪಕ್ಕದ ಹಲ್ಲಿಗೆ ಹಾರ್ತದೆ ನೋಡು!" ಹಾಗೆಂದವರೇ ಅಳು ನಿಲ್ಲಲೆಂದು ಒಂದು ಚೂರು ಬೆಲ್ಲ ಕೊಡುವರು. ಹುಳಕ್ಕೆ ಹಸಿವಾದಾಗ ಕಚ್ಚುತ್ತದೆಂದು ನಾನು ತಿಳಿದೆ. ನೋವಾದಾಗಲೆಲ್ಲ ಡಬ್ಬಿಯಿಂದ ಬೆಲ್ಲ ಕದ್ದು ಆ ತೂತಿಗೆ ತುರುಕುತ್ತಿದ್ದೆ. ಕೊಟ್ಟಿಗೆಯ ಹಸುವಿಗೂ ನಾನು ಅಷ್ಟು ಹೊತ್ತುಹೊತ್ತಿಗೆ ಹುಲ್ಲು ಹಾಕಿದವಳಲ್ಲ.

ದೊಡ್ಡಮ್ಮನಿಗೆ ಪ್ರೀತಿ ಕಡಿಮೆಯಿರಲಿಲ್ಲ. ಹಠ ಮಾಡಿದರೆ ಮಾತ್ರ, "ಹಲ್ಲು ಕೀಳೋ ಡಾಕ್ಟ್ರ ಹತ್ರ ಬಿಟ್ಟುಬರ್ತೀನಿ" ಎನ್ನುತ್ತಿದ್ದರು. ಆ ಮಾತು ಮೈಯಲ್ಲೇ ಕೂತುಬಿಟ್ಟಿದೆ. ನನ್ನ ದವಡೆಹಲ್ಲು ವರ್ಷಗಳಿಂದ ನೋಯುತ್ತಿದೆ. ಎಡಗಡೆ ಅಗಿಯುವುದನ್ನೇ ಬಿಟ್ಟೆನೇ ಹೊರತು ಈ ಕುರ್ಚಿ ಹತ್ತಲಿಲ್ಲ. ಕಳೆದ ರಜೆಗೆ ಮಗಳೂ ಅದೇ ದೊಡ್ಡಮ್ಮನ ಹತ್ತಿರ ಇದ್ದು ಬಂದಳು.

"ಸ್ವಲ್ಪ ಬಾಯಿ ತೆಗಿ ಪುಟ್ಟಿ," ಡಾಕ್ಟರು ಇನ್ನೊಮ್ಮೆ ಕೇಳಿದರು. ಮಗಳು ನನ್ನನ್ನು ಹತ್ತಿರ ಕರೆದು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: "ನೀನು ಆಚೆ ಹೋಗಮ್ಮ. ಬಾಯಿ ತೆಗದ್ರೆ ಹುಳ ನಿನ್ ಹಲ್ಲಿಗೆ ಹಾರ್ತದೆ."

ಇಷ್ಟು ಹೊತ್ತು ನಾನು ಗದರಿಸಿದ್ದು ನನ್ನನ್ನು ಕಾಯುತ್ತಿದ್ದವಳನ್ನು! ಹುಳ ಇಲ್ಲ ಮಗಾ ಎಂದರೆ ಈಗ ನಂಬುತ್ತಾಳೆಯೇ?

"ಡಾಕ್ಟ್ರೇ, ಮೊದ್ಲು ನಂದು ನೋಡಿ" ಎಂದು ಅವಳನ್ನು ಇಳಿಸಿ ನಾನೇ ಹತ್ತಿದೆ. ಕಣ್ಣು ಮುಚ್ಚಿಕೊಂಡು ಬಾಯಿ ತೆರೆದೆ. ಮಗಳು ತುದಿಗಾಲಲ್ಲಿ ನಿಂತು ನನ್ನ ಬಾಯೊಳಗೆಲ್ಲ ಇಣುಕಿದಳು.

"ಹುಳ ಇಲ್ಲ" ಎಂದಳು, ಕೊಂಚ ನಿರಾಸೆಯಿಂದಲೇ. "ತೂತು ಮಾತ್ರ ಇದೆ. ನಿಂಗೂ ನೋಯ್ತದಾ ಅಮ್ಮ?"

ಹೂಂ ಎಂದು ತಲೆಯಾಡಿಸಿದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಡಾಕ್ಟರ ಕಡೆ ತಿರುಗಿ ಬಾಯಿ ತೆರೆದಳು.