ಕುಂಕುಮ ಒರೆಸಿದ ಮಿಸ್ತ್ರಿ ಕಾಕಾ

ಹೋದ ವಾರ ಅಕ್ಕಲಕೋಟದಿಂದ ಸೋಲಾಪುರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತವರು ಕಾಲಬುಡದಲ್ಲಿ ಒಂದು ಗೋಣಿಚೀಲ ಇಟ್ಟುಕೊಂಡಿದ್ದರು. ಒಳಗೆ ಯಾವುದೋ ಇಂಜಿನ್ನಿನಿಂದ ಬಿಚ್ಚಿ ತಂದ ಡೀಸೆಲ್ ಪಂಪು. ಅದು ಸೋರಿ ಸೋರಿ ಬಸ್ಸೆಲ್ಲ ವಾಸನೆ. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು, ಕಂಡಕ್ಟರ್ ಮರಾಠಿಯಲ್ಲಿ ಗೊಣಗಿದ. ನಾನೊಬ್ಬಳು ಮಾತ್ರ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡು ಕೂತೆ. ಮೈಂದರ್ಗಿಯ ತಗಡಿನ ಶೆಡ್ಡು, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಮಿಸ್ತ್ರಿ ಕಾಕಾ, ಅವರ ಹೆಗಲ ಮೇಲಿನ ಕರಿ ಅರಿವೆ… ವಳಸಂಗ ದಾಟುವವರೆಗೂ ನಾನು ಆ ಬಸ್ಸಿನಲ್ಲಿ ಇರಲಿಲ್ಲ.

ಮೈಂದರ್ಗಿ ನನ್ನ ತವರು. ನಮ್ಮ ಓಣಿಯ ತುದಿಯಲ್ಲೇ ಅವರ ಇಂಜಿನ್ ರಿಪೇರಿಯ ಶೆಡ್ಡು. ರಕ್ತಸಂಬಂಧ ಏನೂ ಇರಲಿಲ್ಲ. ಊರಿನ ಹುಡುಗಿಯರಿಗೆಲ್ಲ ಅವರು ಕಾಕಾ. ಬಾವಿಗಳ ಮೇಲೆ ಡೀಸೆಲ್ ಇಂಜಿನ್ ಓಡುತ್ತಿದ್ದ ಕಾಲದಲ್ಲಿ ಸುತ್ತಲಿನ ರೈತರೆಲ್ಲ ಅವರ ಗಿರಾಕಿಗಳೇ. ಬಂದವರು ನಮಸ್ಕಾರ ಹೇಳಿದರೂ ಕಾಕಾ ಉತ್ತರ ಕೊಡುತ್ತಿರಲಿಲ್ಲ, ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡುತ್ತಿದ್ದರು. ಆಮೇಲೆ ಮಾಲೀಕನ ಮುಖ ನೋಡುತ್ತಿದ್ದರು. ಇಂಜಿನ್ ಚೆನ್ನಾಗಿದೆ ಎಂದು ಅವರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಬಹಳ ಮೆಚ್ಚಿಕೊಂಡರೆ "ಆತು" ಅನ್ನುವರು, ಅಷ್ಟೇ. ಕರೆಂಟಿನ ಮೋಟಾರುಗಳು ಬಂದ ಮೇಲೆ ಶೆಡ್ಡಿನ ಮುಂದಿನ ಗದ್ದಲ ಕಡಿಮೆಯಾಯಿತು. ಕಾಕಾ ಮಾತ್ರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವುದನ್ನು ಬಿಡಲಿಲ್ಲ.

ನನ್ನನ್ನು ಕೊಟ್ಟದ್ದು ಮಂದ್ರೂಪದಿಂದ ಆಚೆ, ಭೀಮಾ ದಂಡೆಯ ಒಂದು ಊರಿಗೆ. ಹೊಳೆಯ ಈ ಕಡೆ ಮಹಾರಾಷ್ಟ್ರ, ಆ ಕಡೆ ಕರ್ನಾಟಕ. ನಮ್ಮ ಹೆಂಗಸರಿಗೆ ಕೂಲಿ ಸಿಗುವುದು ಆಚೆ ದಡದ ಹೊಲಗಳಲ್ಲಿ. ಸೇತುವೆ ಹಿಡಿದು ಹೋದರೆ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಹುಟ್ಟು ಹಾಕುವ ಹಳೆಯ ದೋಣಿ ಒಡೆದ ಮೇಲೆ ನಮ್ಮ ಬಚತ್ ಗಟ್ಟಿನ, ಅಂದರೆ ಉಳಿತಾಯ ಸಂಘದ, ಹೆಂಗಸರು ಸೇರಿ ಇಂಜಿನ್ ಇರುವ ಹಳೆಯ ದೋಣಿಯೊಂದನ್ನು ಕೊಳ್ಳೋಣ ಎಂದು ನಿಶ್ಚಯಿಸಿದೆವು. ನಾನು ಅಂಗನವಾಡಿಯವಳು, ನಾಲ್ಕಕ್ಷರ ಬಲ್ಲವಳು ಎಂದು ಗಟ್ಟಿಗೆ ಕಾರ್ಯದರ್ಶಿ ಮಾಡಿದ್ದರು. ಅಧ್ಯಕ್ಷಳು ನನ್ನ ಹಿರಿಯ ನೆಗೆಣ್ಣಿ, ಬಾವನ ಹೆಂಡತಿ; ನಾನು ಅಕ್ಕ ಎಂದೇ ಕರೆಯುವುದು. ಅಕ್ಕಲಕೋಟದ ಆಚೆ ಬೋರಿ ಹೊಳೆಯ ಹಿನ್ನೀರಿನಲ್ಲಿ ಮೀನು ಹಿಡಿಯುವವರೊಬ್ಬರು ದೋಣಿ ಮಾರುತ್ತಾರೆ ಎಂದು ಸುದ್ದಿ ಬಂತು. ಇಂಜಿನ್ ನೋಡುವುದಕ್ಕೆ ನನಗೆ ಗೊತ್ತಿದ್ದವರು ಒಬ್ಬರೇ.

ಕಾಕಾ ಮೊದಲು ಒಪ್ಪಲಿಲ್ಲ. "ಬಾವಿ ಮ್ಯಾಲಿನ ಇಂಜಿನ್ ಬಂದ್ ಬಿದ್ರ ಒಂದಿನ ಕಬ್ಬಿಗೆ ನೀರಿಲ್ಲ, ಅಷ್ಟ. ನಡು ಹೊಳ್ಯಾಗ ಬಂದ್ ಬಿದ್ರ ಏನ್ ಮಾಡ್ತಿ ಯವ್ವಾ?" ಎಂದರು. ಅದಕ್ಕೇ ನಿಮ್ಮ ಹತ್ತಿರ ಬಂದೆ ಕಾಕಾ ಎಂದೆ. ಅರಿವೆಗೆ ಕೈ ಒರೆಸಿಕೊಂಡು, "ಬರ್ತೀನಿ. ಖರೇ, ನಾವು ಯಾವಾಗ ಬರ್ತೀವಂತ ಅವಗ ತಿಳೀಬಾರ್ದು" ಎಂದರು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುನ್ನಾ ದಿನ ಸಂಜೆ ನನ್ನ ಮನಸ್ಸು ತಡೆಯಲಿಲ್ಲ. ಪರಊರಿನವರ ಮನೆಗೆ ಹೇಳದೆ ಕೇಳದೆ ಮೂರು ಮಂದಿ ಹೋಗಿ ನಿಲ್ಲುವುದು ಎಲ್ಲಿಯ ರೀತಿ? ಫೋನು ಮಾಡಿ, "ನಾಳೆ ಹತ್ತಕ್ಕ ಬರ್ತೀವ್ರಿ, ಅಡಗಿ ಗಿಡಗಿ ಏನೂ ಮಾಡಬ್ಯಾಡ್ರಿ" ಎಂದು ತಿಳಿಸಿಬಿಟ್ಟೆ. ದೊಡ್ಡ ಮರ್ಯಾದಸ್ಥೆ ನಾನು.

ಹಿನ್ನೀರಿನ ದಂಡೆಯಲ್ಲಿ ದೋಣಿ ತಯಾರಾಗಿ ನಿಂತಿತ್ತು. ಇಂಜಿನ್ನಿಗೆ ಹೊಸ ಹಸಿರು ಬಣ್ಣ, ನಟ್ಟು ಬೋಲ್ಟುಗಳೂ ಬಿಡದಂತೆ. ನೋಡಿ ನಮ್ಮ ಅಕ್ಕನ ಮುಖ ಅರಳಿತು. ಮಾಲೀಕ ಬರ್ರಿ ಬರ್ರಿ ಎಂದು ಕರೆಯುತ್ತಿದ್ದಂತೆಯೇ ಕಾಕಾ ದೋಣಿ ಹತ್ತಿ ಅಂಗೈ ಇಟ್ಟರು, ತೆಗೆದರು. ನನ್ನ ಕಡೆ ತಿರುಗಿ, "ಫೋನ್ ಮಾಡಿದ್ಯಾ?" ಎಂದರು. ತಲೆ ತಗ್ಗಿಸಿದೆ.

"ತಪ್ಪ ನಂದ. ಯಾಕಂತ ಹೇಳಬೇಕಿತ್ತ. ಮುಂಜಾನೆ ಎದ್ದ ಕಾಯಿಸಿ ಇಟ್ಟಾನ. ಬಿಸಿ ಇದ್ದಾಗ ಎಂಥಾ ಸವೆದ ಇಂಜಿನ್ನೂ ಚಾಲೂ ಆಗತೈತಿ. ತಣ್ಣಗಿದ್ದಾಗ ನೋಡ್ಬೇಕ, ಆಗ ಅದು ಸುಳ್ಳ ಹೇಳೂದಿಲ್ಲ." ಇಷ್ಟು ಹೇಳಿ ಅವರು ಬೇವಿನ ಗಿಡದ ನೆರಳಿಗೆ ಹೋಗಿ ಕೂತರು. ಇಂಜಿನ್ ಆರುವವರೆಗೆ ಏಳುವುದಿಲ್ಲ ಎಂದರು. ಮಾಲೀಕ ಚಹಾ ತಂದ; ಬೇಡವೆಂದರು. ಊಟಕ್ಕೆ ಕರೆದ, ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಶೇಂಗಾ ಚಟ್ನಿ ಬಿಚ್ಚಿದರು. ಚಹಾ ಕುಡಿದರೆ ಆಮೇಲೆ ಅವನ ಇಂಜಿನ್ನನ್ನು ಬೈಯುವುದು ಕಷ್ಟವಾಗುತ್ತದೆ ಎಂಬುದು ಅವರ ಲೆಕ್ಕ.

ಈ ಕಾಯುವಿಕೆಯಲ್ಲೇ ಎಡವಟ್ಟಾದದ್ದು. ನಮ್ಮ ಅಕ್ಕ ಪಂಚಾಂಗ ಕೇಳಿಕೊಂಡು ಬಂದಿದ್ದಳು. ಒಳ್ಳೆಯ ಗಳಿಗೆ ಹನ್ನೆರಡರೊಳಗೆ ಇತ್ತು. ಕಾಕಾ ಕೈ ತೊಳೆಯಲು ನೀರಿನ ಕಡೆ ಹೋದದ್ದೇ ತಡ, ಚೀಲದಿಂದ ಅರಿಸಿನ ಕುಂಕುಮ ತೆಗೆದು ಇಂಜಿನ್ನಿಗೆ ಹಚ್ಚಿ, ದೋಣಿಯ ಅಂಚಿಗೆ ತೆಂಗಿನಕಾಯಿ ಒಡೆದೇಬಿಟ್ಟಳು. ನಾನು ಬೇಡವೆನ್ನಲಿಲ್ಲ. ಗಳಿಗೆ ಮೀರಿದರೆ ಹೇಗೆ ಎಂದು ನನಗೂ ಒಳಗೊಳಗೇ ಅಳುಕಿತ್ತು. ಮಾಲೀಕ ಕೈ ಮುಗಿದು ಕಾಯಿಯ ಚೂರು ಬಾಯಿಗೆ ಹಾಕಿಕೊಂಡು, "ಆತಲ್ರೀ ಅಕ್ಕಾರ, ಇನ್ ಇದು ನಿಮ್ಮ ಮನಿ ಲಕ್ಷ್ಮಿ" ಎಂದ. ನಮ್ಮ ಕಡೆ ಅದು ರಿವಾಜು. ಟ್ರ್ಯಾಕ್ಟರ್ ಇರಲಿ, ಮೋಟರ್ ಇರಲಿ, ಯಾರ ಕೈಯಿಂದ ಕುಂಕುಮ ಬಿತ್ತೋ ವಸ್ತು ಅವರದು. ಆ ಮೇಲೆ ಕುಂದು ಎತ್ತುವುದು, ವಾಪಸ್ ಕೊಡುವುದು ಅಪಶಕುನ.

ಕಾಕಾ ಬಂದು ನೋಡಿ, ಮತ್ತೆ ಬೇವಿನ ನೆರಳಿಗೆ ಹೋಗಿ ಕೂತರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮತ್ತೆ ಅಂಗೈ ಇಟ್ಟರು, ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದರು. ಒಳ್ಳೆಯ ಇಂಜಿನ್ ಸುತ್ತಿನ ಒಂದು ಜಾಗದಲ್ಲಿ ಕೈಯನ್ನು ಹಿಂದಕ್ಕೆ ತಳ್ಳಬೇಕಂತೆ. ನನ್ನ ಕೈಗೂ ಕೊಟ್ಟರು. ಅದು ತಳ್ಳಲಿಲ್ಲ, ಎಲ್ಲೋ ಉಸ್ಸೆಂದು ಗಾಳಿ ಬಿಟ್ಟು ಸಲೀಸಾಗಿ ತಿರುಗಿತು. ಹತ್ತು ಹನ್ನೆರಡು ಸಲ ಹ್ಯಾಂಡಲ್ ಹೊಡೆದ ಮೇಲೆ ಚಾಲೂ ಆಯಿತು, ನೀಲಿ ಹೊಗೆ ಬಿಟ್ಟಿತು. ಅದು ಎಣ್ಣೆ ಉರಿಯುವ ಹೊಗೆ. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಭುಸುಭುಸು ಹೊಗೆ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿತ್ತು. "ಎಣ್ಣ್ಯಾಗ ನೀರ ಕೂಡೇತಿ. ಸಪ್ಪಳ ಮುಚ್ಚಾಕ ದಪ್ಪ ಎಣ್ಣಿ ಸುರುವ್ಯಾನ" ಎಂದರು. "ಏಕದಂ ಕಡಕ್ ಇಂಜಿನ್ ಐತ್ರಿ" ಎನ್ನುತ್ತಿದ್ದ ಮಾಲೀಕನ ದನಿ ಸಣ್ಣಗಾಯಿತು.

ಅಷ್ಟಕ್ಕೇ ಬಿಡಲಿಲ್ಲ ಅವರು. ನಿಂತಲ್ಲೇ ಓಡುವುದು ಬೇರೆ, ಭಾರ ಹೊತ್ತು ಓಡುವುದು ಬೇರೆ. ಮಾಲೀಕನನ್ನೂ ನನ್ನನ್ನೂ ಹತ್ತಿಸಿಕೊಂಡು, ದೋಣಿಗೆ ಕಲ್ಲು ತುಂಬಿಸಿ, ಗಾಳಿಗೆ ಎದುರಾಗಿ ಹೊರಡಿಸಿದರು. ಹೊರಡುವ ಮುಂಚೆ ದಂಡೆಯ ಮೇಲಿದ್ದ ಒಂದು ಹುಟ್ಟನ್ನು ಎತ್ತಿ ಒಳಗಿಟ್ಟರು. ಮಾಲೀಕ ನಕ್ಕ. ಅರ್ಧ ತಾಸಾಗಿರಬೇಕು, ಇಂಜಿನ್ ಏದುಸಿರು ಬಿಟ್ಟು ನಿಂತಿತು. ಎಷ್ಟು ಹೊಡೆದರೂ ಏಳಲಿಲ್ಲ. ಸುತ್ತ ನೀರು, ಗಾಳಿ, ಮೂರು ಜನ… ಕಾಕಾ ಹುಟ್ಟು ಹಿಡಿದರು. ದಂಡೆ ಮುಟ್ಟುವವರೆಗೂ ಆಡಿದ್ದು ಒಂದೇ ಮಾತು: "ಇದು ಕೆರಿ, ನೀರ ನಿಂತೈತಿ. ನಿಮ್ಮ ಹೊಳಿ ನಿಂದರೂದಿಲ್ಲ ಯವ್ವಾ."

ಕಾಕಾ ಈ ಇಂಜಿನ್ ಬೇಡ ಎಂದಾಗ ಮಾಲೀಕ ಕುಂಕುಮ ತೋರಿಸಿದ. ನಮ್ಮ ಅಕ್ಕ ಅಳುವಂತಾದಳು. ಹಚ್ಚಿದ್ದೇನೆ, ಹೇಗೆ ಬಿಡಲಿ, ಏನಾದರೂ ರಿಪೇರಿ ಮಾಡಿಸಿದರಾಯಿತು ಎಂದಳು. ಆಗ ಕಾಕಾ ಹೆಗಲಿನ ಅರಿವೆ ತೆಗೆದು, ಜಿಡ್ಡು ಒರೆಸುವಂತೆ, ಇಂಜಿನ್ ಮೇಲಿನ ಕುಂಕುಮವನ್ನು ಒರೆಸಿಬಿಟ್ಟರು. ಕುಂಕುಮ ಒರೆಸುವುದು ನಮ್ಮಲ್ಲಿ ಯಾವಾಗ ಎಂಬುದು ಹೆಂಗಸರಿಗೆ ಹೇಳಬೇಕಾಗಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಹಚ್ಚಿದಾಕಿ ಒರಸಬಾರ್ದು, ನಾ ಒರಸೇನಿ. ಏನ್ ಅಪಶಕುನ ಆಗೂದೈತಿ, ನನಗ ಆಗ್ಲಿ" ಎಂದು ಹೇಳಿ ಮಾಲೀಕನ ಕಡೆ ತಿರುಗಿದರು. "ದೋಣಿ ಗಟ್ಟಿ ಐತಿ. ದೋಣಿ ಅಷ್ಟ ಕೊಡ್ರಿ, ಇಂಜಿನ್ ನೀವ ಇಟ್ಕೋರಿ." ಅವನು ಒಪ್ಪಿದ. ಕಾಕಾ ಮಾಡಿದ್ದನ್ನು ಕಂಡು ಅವನಿಗೂ ಅಂಜಿಕೆ ಹುಟ್ಟಿತ್ತು ಅನ್ನಿಸುತ್ತದೆ.

ಬರುವಾಗ ಟಮ್‌ಟಮ್‌ ರಿಕ್ಷಾದಲ್ಲಿ ಅಕ್ಕ ಬಾಯಿಬಿಟ್ಟಳು. ಮುದುಕನಿಗೆ ಬುದ್ಧಿಯಿಲ್ಲ, ಮಾಡಿದ ಪೂಜೆ ಕೆಡಿಸಿದ, ಇದು ಒಳ್ಳೆಯದಾಗುವುದಿಲ್ಲ. ಡ್ರೈವರನ ಪಕ್ಕ ಕೂತ ಕಾಕಾಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ನೆಗೆಣ್ಣಿಯ ಜೊತೆ ಒಂದೇ ಅಂಗಳದಲ್ಲಿ ಬಾಳಬೇಕಾದವಳು ನಾನು; ತುಟಿ ಬಿಚ್ಚಲಿಲ್ಲ.

ಒಂದು ತಿಂಗಳೊಳಗೆ ಕಾಕಾ ತಾವೇ ಒಂದು ಇಂಜಿನ್ ಹುಡುಕಿದರು. ಮೈಂದರ್ಗಿಯ ಹೊಲವೊಂದರ ಬಾವಿಯ ಮೇಲಿದ್ದದ್ದು, ಅವರೇ ವರ್ಷಗಟ್ಟಲೆ ನೋಡಿಕೊಂಡಿದ್ದದ್ದು. ಆದರೂ ಮೂರು ದಿನ ಬೆಳಿಗ್ಗೆ ಹೋಗಿ ತಣ್ಣಗಿದ್ದಾಗಲೇ ಹ್ಯಾಂಡಲ್ ಹೊಡೆದು ನೋಡಿದರು. ತಮ್ಮ ಕೈಯಾರೆ ದೋಣಿಗೆ ಕೂಡಿಸಿದರು. ಹೊಗೆಯ ಬಣ್ಣ, ಎಣ್ಣೆ ಬೆರಳಲ್ಲಿ ತಿಕ್ಕಿ ನೋಡುವುದು, ಇಂಜಿನ್ನನ್ನು ತಣಿಸಿ ಹೊರಬರುವ ನೀರಿನ ಬಿಸಿ, ಎಲ್ಲ ನನಗೂ ನಮ್ಮ ಅಂಬಿಗನಿಗೂ ಕಲಿಸಿದರು. ಎಲ್ಲ ಮುಗಿದ ಮೇಲೆ ಅಕ್ಕನಿಗೆ, "ಈಗ ಹಚ್ಚವ್ವಾ" ಎಂದರು. ಅವಳು ಹಚ್ಚಿದಳು. ಅವರ ಕಡೆ ನೋಡಲಿಲ್ಲ.

ಮರುವರ್ಷ ಕಾಕಾನ ಬಲಗೈ ಬಿದ್ದುಹೋಯಿತು, ಲಕ್ವಾ ಹೊಡೆದು. ಕುಂಕುಮ ಒರೆಸಿದ ಕೈ ಎಂದು ನಮ್ಮೂರಲ್ಲಿ ಮಾತಾಯಿತು. ಸುಳ್ಳೇಕೆ ಹೇಳಲಿ, ಆ ಮಾತು ನನ್ನ ಹೊಟ್ಟೆಯಲ್ಲೂ ಕೂತಿತ್ತು. ನೋಡಲು ಹೋದಾಗ ಅವರು ಕೈಯ ಸುದ್ದಿ ಎತ್ತಲಿಲ್ಲ. "ಮುಂಜಾನೆ ಹ್ಯಾಂಡಲ್ ಎಷ್ಟ ಸುತ್ತ ಹೊಡದ್ರ ಚಾಲೂ ಆಗತೈತಿ?" ಎಂದು ತೊದಲುತ್ತ ಕೇಳಿದರು. ಎರಡೇ ಸುತ್ತು ಎಂದೆ. "ಆತು" ಎಂದರು. ಅದಾದ ಎರಡು ವರ್ಷಕ್ಕೆ, ಮಳೆಗಾಲಕ್ಕೆ ಮುಂಚೆ, ಹೋಗಿಬಿಟ್ಟರು. ಮಣ್ಣಿಗೆ ನಾನು ಹೋದೆ, ಅಕ್ಕ ಬರಲಿಲ್ಲ.

ಅದೇ ಮಳೆಗಾಲದಲ್ಲಿ ಒಂದು ಸಂಜೆ ಹದಿನಾಲ್ಕು ಹೆಂಗಸರು ಕಳೆ ತೆಗೆದು ಆಚೆ ದಡದಿಂದ ಮರಳುತ್ತಿದ್ದರು. ಆ ಕಡೆಯ ಊರಿನ ಸೋದರತ್ತೆಯನ್ನು ನೋಡಲು ಹೋಗಿದ್ದ ನಾನೂ ಅವರೊಳಗೆ ಒಬ್ಬಳು, ಅಕ್ಕನೂ ಒಬ್ಬಳು. ಮೇಲಿನ ಡ್ಯಾಮಿನಿಂದ ನೀರು ಬಿಡುವ ಸುದ್ದಿ ಊರಿಗೆ ಬಂದಿತ್ತಂತೆ, ಹೊಲದಲ್ಲಿದ್ದವರಿಗೆ ಮುಟ್ಟಿರಲಿಲ್ಲ. ನಡು ಹೊಳೆಗೆ ಬಂದಾಗ ನೀರಿನ ಬಣ್ಣವೇ ಬೇರೆಯಾಯಿತು. ಬೇರು ಸಮೇತ ಒಂದು ಜಾಲಿ ಗಿಡ ನಮ್ಮ ಪಕ್ಕದಿಂದಲೇ ಹಾದುಹೋಯಿತು. ದೋಣಿ ಅಡ್ಡ ತಿರುಗುತ್ತಿತ್ತು. ಅಂಬಿಗ ಇಂಜಿನ್ನನ್ನು ಪೂರಾ ಎಳೆದ. ಎಲ್ಲರ ಕಿವಿ ಆ ಸಪ್ಪಳದ ಮೇಲೆ. ಅದು ಒಂದೇ ಒಂದು ಬಡಿತ ತಪ್ಪಿದ್ದರೂ… ತಪ್ಪಲಿಲ್ಲ. ನಮ್ಮ ಘಾಟಿನಿಂದ ಬಹಳ ಕೆಳಗೆ, ಯಾರದೋ ಕಬ್ಬಿನ ಹೊಲದ ಬದುವಿಗೆ ಹೋಗಿ ಹತ್ತಿದೆವು.

ಕೆಸರಿನಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಅಕ್ಕ ನನ್ನ ಕೈ ಹಿಡಿದಳು. "ಮೈಂದರ್ಗ್ಯಾಗ ಕಾಕಾರ ಮನ್ಯಾಗ ಈಗ ಯಾರ ಅದಾರ?" ಎಂದು ಕೇಳಿದಳು.

ಮರುದಿನವೇ ಹೋದೆವು. ಕಾಕಾನ ಹೆಂಡತಿ, ನಮ್ಮ ಕಾಕಿ, ಒಬ್ಬರೇ ಹೊರಗೆ ಜೋಳ ಹಸನು ಮಾಡುತ್ತಿದ್ದರು. ಅಕ್ಕ ಅವರ ಕಾಲು ಮುಟ್ಟಿ, ನಡೆದದ್ದನ್ನೆಲ್ಲ ಹೇಳಿದಳು. ಕುಂಕುಮದ ಸಂಗತಿ ಕಾಕಿಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಕಾಕಾ ಮನೆಯಲ್ಲಿ ಅದನ್ನು ಎತ್ತಿಯೇ ಇರಲಿಲ್ಲ, ಕೈ ಬಿದ್ದ ಮೇಲೂ. ಕಾಕಿ ಮೊರದಿಂದ ಒಂದೆರಡು ಕಲ್ಲು ಆರಿಸಿ ಎಸೆದರು. ಬರಿದಾದ ಅವರ ಹಣೆಯನ್ನು ನಾವಿಬ್ಬರೂ ನೋಡಲಾರದೆ ಹೋದೆವು.

"ಒರಸಿದ್ದ ಛಲೋ ಆತ ಬಿಡವ್ವಾ" ಎಂದರು ಕಾಕಿ. "ನಿನ್ನಿ ಹದಿನಾಲ್ಕ ಮನ್ಯಾಗ ಸಂಜೀಕ ಒಲಿ ಹತ್ತಿತಲ್ಲ."

ನನ್ನ ಮನೆಯಲ್ಲಿ ಒಲೆ ಹೊತ್ತಿದಾಗಲೆಲ್ಲ ಆ ಮನುಷ್ಯನಿಗೆ ಕೈ ಮುಗಿಯಬೇಕೆನ್ನಿಸುತ್ತದೆ. ಈಗ ದಂಡೆಯ ಊರುಗಳವರು ಹಳೆಯ ಇಂಜಿನ್ ಕೊಳ್ಳುವ ಮುಂಚೆ ನನ್ನನ್ನು ಕರೆಯುತ್ತಾರೆ, ಹೇಳದೆ ಕೇಳದೆ ಹೋಗುತ್ತೇನೆ. ಬದುಕಿದ್ದಾಗ ಕಾಕಾಗೆ ಒಂದು ಒಳ್ಳೆಯ ಮಾತು ನಾನು ಆಡಲಿಲ್ಲ. ಟಮ್‌ಟಮ್‌ನಲ್ಲಿ ಆಡಬೇಕಾಗಿದ್ದ ಮಾತನ್ನು ಇಷ್ಟು ತಡವಾಗಿ ಇಲ್ಲಿ ಬರೆದಿದ್ದೇನೆ. ಕಾಕಿಗೆ ಓದು ಬರುವುದಿಲ್ಲ, ಮೊಮ್ಮಕ್ಕಳಿಗೆ ಮರಾಠಿ ಬಿಟ್ಟರೆ ಕನ್ನಡದ ಅಕ್ಷರ ಗೊತ್ತಿಲ್ಲ. ಬರುವ ರವಿವಾರ ಮೈಂದರ್ಗಿಗೆ ಹೋಗಿ ನಾನೇ ಓದಿ ಹೇಳಬೇಕು. ಅಕ್ಕನೂ ಬರುತ್ತೇನೆ ಎಂದಿದ್ದಾಳೆ.